ವರ್ಷಕ್ಕೆ 60 ಕನ್ಸರ್ಟ್, ಎಲ್ಲಾ ಮುಂದಿನ ಸಾಲಿನಲ್ಲಿ: ಸಾಧ್ಯವೇ?

ಸಾಧ್ಯ. ನಾನು ಒಂದು ವರ್ಷ 64 ಮಾಡಿದ್ದೆ, ಅದೂ ನವೆಂಬರ್ ಮುಗಿಯೋದರೊಳಗೆ. ಆಮೇಲೆ ಒಂದೂವರೆ ವರ್ಷ ಒಂದೂ ಇಲ್ಲ.

ರಜೆ ಹೇಗೆ ಹೊಂದಿಸೋದು, ಮುಂದಿನ ಸಾಲು ಸಿಗಬೇಕಾದರೆ ಎಷ್ಟು ಹೊತ್ತು ಮುಂಚೆ ಹೋಗಿ ನಿಲ್ಲಬೇಕು, ಒಂದೇ ಬ್ಯಾಂಡನ್ನು ಮೂರು ರಾತ್ರಿ ನೋಡೋದೋ ಮೂರು ಬೇರೆ ಬೇರೆ ಬ್ಯಾಂಡ್ ನೋಡೋದೋ ಅಂತೆಲ್ಲ ನೀವು ಕೇಳಿದ್ದನ್ನು ಓದುವಾಗ ನನ್ನ ಹಳೇ ನೋಟ್‌ಬುಕ್ ಯಾರೋ ಕದ್ದು ಓದಿದ್ದಾರೇನೋ ಅನ್ನಿಸಿತು. ಆ ನೋಟ್‌ಬುಕ್ ಈಗಲೂ ಇದೆ. ಪ್ರತಿ ಪುಟದ ಮೇಲ್ಗಡೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ ಸಂಖ್ಯೆ, ಕೆಳಗೆ ಆ ರಾತ್ರಿಯ ಹಾಡುಗಳ ಪಟ್ಟಿ. ಮೊದಲ ಇಪ್ಪತ್ತು ಪುಟಗಳಲ್ಲಿ ಯಾವ ಹಾಡಿಗೆ ಯಾರು ಗಿಟಾರ್ ಬದಲಾಯಿಸಿದರು ಅನ್ನೋದನ್ನೂ ಬರೆದಿದ್ದೇನೆ. ನಲವತ್ತು ದಾಟಿದ ಮೇಲೆ ಪಟ್ಟಿ ಮಾಯ, ಬರೀ "ಚೆನ್ನಾಗಿತ್ತು". 52ನೆಯ ಪುಟದಲ್ಲಿ "ಡ್ರಮ್ಸ್!!" ಅಂತ ಒಂದೇ ಪದ. ಯಾರ ಡ್ರಮ್ಸ್ ಅಂತ ಇವತ್ತು ತಲೆ ಚಚ್ಚಿಕೊಂಡರೂ ನೆನಪಾಗಲ್ಲ. ಸಂಖ್ಯೆಯ ಸುತ್ತಿನ ಕೆಂಪು ಗೆರೆ ಮಾತ್ರ ಅಷ್ಟೇ ಅಚ್ಚುಕಟ್ಟಾಗಿದೆ.

ದುಡ್ಡು, ರಜೆ, ನಿದ್ದೆ ಬಗ್ಗೆ ನಾನು ಹೆಚ್ಚು ಹೇಳಲ್ಲ. ಹುಚ್ಚು ಇದ್ದವರು ಅದನ್ನೆಲ್ಲ ಹೇಗೋ ಹೊಂದಿಸಿಕೊಳ್ಳುತ್ತಾರೆ, ನಾನೂ ಹೊಂದಿಸಿಕೊಂಡಿದ್ದೆ. ನಾನು ಕಳೆದುಕೊಂಡದ್ದು ಎಡಗಿವಿಯನ್ನು. ಪೂರ್ತಿ ಅಲ್ಲ, ಅದರ ಒಂದು ಚೂರು. ಆ ಚೂರಿನ ಕಥೆ ಉದ್ದವಾಗಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಮೊದಲೇ ಒಂದು ಮಾತು: ನಾನು ಸದ್ದು ತಡೆಯೋ ಇಯರ್‌ಪ್ಲಗ್ ಹಾಕದೆ ಕೆಟ್ಟವನಲ್ಲ. ಹಾಕಿಯೇ ಕೆಟ್ಟದ್ದು. ಜೇಬಿನಲ್ಲಿ ಯಾವಾಗಲೂ ಹಳದಿ ಸ್ಪಾಂಜಿನ ಎರಡು ಜೊತೆ ಇರುತ್ತಿದ್ದವು. ಹಾಕದವರನ್ನು ಕಂಡರೆ ಒಳಗೊಳಗೇ ಒಂದು ನಗು ಬೇರೆ.

ನವೆಂಬರಿನಲ್ಲಿ ನನ್ನ ಅತಿ ಇಷ್ಟದ ಬ್ಯಾಂಡು ಸತತ ಮೂರು ರಾತ್ರಿ ಒಂದೇ ಸಭಾಂಗಣದಲ್ಲಿ ನುಡಿಸಿತು. ಮೂರಕ್ಕೂ ಹೋದೆ, ಮೂರಕ್ಕೂ ಮುಂದಿನ ಸಾಲು. ಮೊದಲ ರಾತ್ರಿ ಫೋನಿನ ಆ್ಯಪ್‌ನಲ್ಲಿ ಶಬ್ದ ಅಳೆದಿದ್ದೆ, 103 ಡೆಸಿಬಲ್ ಆಸುಪಾಸು ತೋರಿಸಿತು. ಫೋನಿನ ಮೈಕ್ ನಂಬೋಕಾಗಲ್ಲ ನಿಜ, ಆದರೆ ದೊಡ್ಡ ವೇದಿಕೆಯ ಮುಂದೆ ನೂರು ದಾಟೋದು ಮಾಮೂಲಿ. ಮೂರನೆಯ ರಾತ್ರಿ ಎಡತುದಿಯಲ್ಲಿ ಜಾಗ ಸಿಕ್ಕಿತು, ಸ್ಪೀಕರ್ ಗೋಪುರದ ಬುಡದಲ್ಲೇ. ಬೇಸ್ ಬಾರಿಸಿದಾಗಲೆಲ್ಲ ಅಂಗಿಯ ಬಟನ್ ಎದೆ ಮೇಲೆ ಅದುರುತ್ತಿತ್ತು.

ಪ್ಲಗ್ ಹಾಕಿದ್ದೆ. ಅರ್ಧ ಕಾರ್ಯಕ್ರಮ ಕಳೆದ ಮೇಲೆ ಗಾಯಕಿ ಗಿಟಾರ್ ಪಕ್ಕಕ್ಕಿಟ್ಟು ಒಬ್ಬಳೇ ಮೈಕ್ ಮುಂದೆ ಬಂದು ನಿಂತಳು. ಹನ್ನೊಂದು ತಿಂಗಳಿಂದ ಲೈವ್‌ನಲ್ಲಿ ಕೇಳಬೇಕು ಅಂತ ಕಾದಿದ್ದ ನಿಧಾನದ ಹಾಡು. ಸ್ಪಾಂಜ್ ಪ್ಲಗ್ಗಿನ ಕಷ್ಟ ಏನಂದರೆ ಅದು ಎಲ್ಲ ಸ್ವರವನ್ನೂ ಒಂದೇ ಸಮ ತಗ್ಗಿಸಲ್ಲ. ತಾರ ಸ್ವರಗಳನ್ನು ಹೆಚ್ಚು ನುಂಗುತ್ತೆ, ಕೆಳಗಿನವನ್ನು ಕಡಿಮೆ. ಹಾಗಾಗಿ ದನಿ ಕಂಬಳಿ ಹೊದ್ದು ಹಾಡಿದ ಹಾಗೆ ಕೇಳುತ್ತೆ. ಇದೊಂದು ಹಾಡಿಗೆ ಮಾತ್ರ ಅಂತ ಎಡಗಿವಿಯದನ್ನು ತೆಗೆದೆ. ನಿಧಾನದ ಹಾಡು, ಎಷ್ಟು ಜೋರು ಇದ್ದೀತು?

ಹಾಡು ನಿಜಕ್ಕೂ ಅದ್ಭುತವಾಗಿತ್ತು, ಅದನ್ನು ಸುಳ್ಳು ಹೇಳಲ್ಲ. ಆದರೆ ಅದು ನಿಧಾನವಾಗಿಯೇ ಮುಗಿಯಲಿಲ್ಲ. ಕೊನೆಯ ಚರಣಕ್ಕೆ ಇಡೀ ಬ್ಯಾಂಡ್ ಒಟ್ಟಿಗೆ ಬಿತ್ತು, ಉಸಿರು ಬಿಡದೆ ಮುಂದಿನ ಹಾಡಿಗೆ ಹೋದರು. ಪ್ಲಗ್ ನನ್ನ ಬೆರಳುಗಳ ಮಧ್ಯೆ ಇತ್ತು. ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ, ಪ್ಲಗ್ ಕೆಳಗೆ ಬಿತ್ತು. ಜೇಬಿನಲ್ಲಿ ಇನ್ನೊಂದು ಜೊತೆ ಇತ್ತು! ಅದನ್ನು ತೆಗೆದು, ಬೆರಳಲ್ಲಿ ಹೊಸೆದು, ಕಿವಿಗೆ ತುರುಕಿ, ಉಬ್ಬುವ ತನಕ ಹಿಡಿದುಕೊಳ್ಳೋದಕ್ಕೆ ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷ ನನಗೆ ದುಬಾರಿ ಅನ್ನಿಸಿತು. ಈ ಹಾಡು ಮುಗೀಲಿ, ಈ ಹಾಡು ಮುಗೀಲಿ ಅಂತ ಐದು ಹಾಡು ಮುಗಿದವು. ಹೆಚ್ಚುಕಡಿಮೆ 25 ನಿಮಿಷ.

ಈಗ ಲೆಕ್ಕ ನೋಡಿ. ಇದನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಬೋರ್ ಹೊಡೆಸಿದ್ದೇನೆ, ನಿಮ್ಮನ್ನೂ ಬಿಡಲ್ಲ. ಅಮೆರಿಕದಲ್ಲಿ ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡಿಕೊಳ್ಳೋ ನಯಾಶ್ (NIOSH) ಸಂಸ್ಥೆ ಸದ್ದಿನಲ್ಲಿ ಕೆಲಸ ಮಾಡುವವರಿಗಾಗಿ ಹಾಕಿಕೊಟ್ಟ ಮಿತಿ ಪ್ರಕಾರ 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧಕ್ಕೆ ಇಳಿಯುತ್ತೆ. 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ 15 ನಿಮಿಷ, 103ಕ್ಕೆ ಏಳೂವರೆ ನಿಮಿಷ. ಅಂದರೆ ನನ್ನ ಎಡಗಿವಿ ಆ 25 ನಿಮಿಷದಲ್ಲೇ ಮೂರು ದಿನದ ಪಾಲಿಗಿಂತ ಹೆಚ್ಚು ಉಂಡಿತು. ಉಳಿದ ಎರಡು ಗಂಟೆ ಪ್ಲಗ್ ಇತ್ತಲ್ಲ, ಅದು 20 ಡೆಸಿಬಲ್ ತಡೆದಿದೆ ಅಂದುಕೊಂಡರೆ ಆ ಎರಡು ಗಂಟೆಯಲ್ಲಿ ಕಿವಿಗೆ ಬಿದ್ದದ್ದು ಒಂದು ದಿನದ ಪಾಲಿನ ಆರನೇ ಒಂದು ಭಾಗ, ಅಷ್ಟೇ. ಎರಡೂವರೆ ಗಂಟೆಯ ಕಾರ್ಯಕ್ರಮದಲ್ಲಿ ಆರನೇ ಒಂದು ಭಾಗ ಹೊತ್ತು ಪ್ಲಗ್ ತೆಗೆದಿದ್ದಕ್ಕೆ, ಇಡೀ ಸಂಜೆಯ ಮೇಲೆ ಹರಡಿ ನೋಡಿದರೆ ಆ 20 ಡೆಸಿಬಲ್ ರಕ್ಷಣೆ 8ಕ್ಕಿಂತ ಕೆಳಗೆ ಬಂತು. ಬಹಳಷ್ಟು ಹೊತ್ತು ಹಾಕಿದ್ದೆನಲ್ಲ ಅನ್ನೋ ಸಮಾಧಾನಕ್ಕೆ ಇಲ್ಲಿ ಜಾಗವೇ ಇಲ್ಲ. ಕೊಡೆ ಹಿಡಿದು ಎರಡು ಗಂಟೆ ನಡೆದು ನಡುವೆ ಐದು ನಿಮಿಷ ಮಡಚಿದರೂ ನೆನೆಯೋದು ಪೂರ್ತಿ ತಾನೇ.

ಆ ರಾತ್ರಿ ಮಲಗಿದಾಗ ಎಡಗಡೆ "ಈಈಈ" ಅಂತ ಸಣ್ಣ ಸದ್ದು, ಹಳೇ ಟಿವಿಯ ಶಬ್ದ ಆರಿಸಿ ಪರದೆ ಮಾತ್ರ ಬಿಟ್ಟ ಹಾಗೆ. ಹೊಸದೇನಲ್ಲ. ಕನ್ಸರ್ಟ್ ಆದ ರಾತ್ರಿ ಹಾಗಾಗೋದು, ಬೆಳಿಗ್ಗೆ ಹೋಗೋದು. ಈ ಸಲ ಬೆಳಿಗ್ಗೆಯೂ ಇತ್ತು. ಮರುದಿನವೂ. ನಾಲ್ಕನೇ ದಿನ 64ನೆಯ ಟಿಕೆಟ್ ಕೈಯಲ್ಲಿತ್ತು, ಮೊರೆಯೋ ಕಿವಿ ಹೊತ್ತುಕೊಂಡೇ ಹೋದೆ. ಸಂಖ್ಯೆ ನಿಲ್ಲಬಾರದಲ್ಲ!

ವೈದ್ಯರ ಹತ್ತಿರ ಹೋಗಿದ್ದು ಎರಡು ವಾರ ಕಳೆದು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಬೀಪ್ ಕೇಳಿದಾಗಲೆಲ್ಲ ಬಟನ್ ಒತ್ತಿ ಅಂದರು. ಬಲಗಿವಿಯ ಗೆರೆ ನೆಟ್ಟಗಿತ್ತು. ಎಡಗಿವಿಯ ಗೆರೆ 4000 ಹರ್ಟ್ಸ್ ಹತ್ತಿರ, ಅಂದರೆ ತಾರ ಸ್ವರಗಳ ಕಡೆ, ಗುಂಡಿಗೆ ಬಿದ್ದು, ಮುಂದೆ ಸ್ವಲ್ಪ ಮೇಲೆದ್ದಿತ್ತು. ಜೋರು ಸದ್ದಿನಿಂದ ಕೆಟ್ಟ ಕಿವಿಯ ಗುರುತೇ ಆ ಗುಂಡಿಯಂತೆ. ಒಂದೊಂದು ಒಳಗಿವಿಯಲ್ಲೂ ಸದ್ದು ಗ್ರಹಿಸೋ ಸುಮಾರು 15 ಸಾವಿರ ರೋಮಕೋಶಗಳಿರುತ್ತವೆ, ಸದ್ದಿಗೆ ಸತ್ತದ್ದು ಮತ್ತೆ ಹುಟ್ಟಲ್ಲ. ಕೋಳಿಗೆ ಹುಟ್ಟುತ್ತಂತೆ. ಹಕ್ಕಿಗಳಿಗೆ ಕೊಟ್ಟು ನಮಗೆ ಕೊಡದೇ ಹೋದದ್ದು ಯಾಕೆ ಅಂತ ನಾನು ಇನ್ನೂ ಮುನಿಸಿಕೊಂಡೇ ಇದ್ದೇನೆ.

ಏನು ಹೋಯಿತು ಅಂತ ಕೇಳಿದರೆ, ಗದ್ದಲದಲ್ಲಿ ಎಡಗಡೆಯಿಂದ ಯಾರಾದರೂ "ಸರಿ" ಅಂದರೆ "ಅರಿ" ಅಂತ ಕೇಳುತ್ತೆ. ಸಿಂಬಲ್ (ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ) ಬಡಿದಾಗ ಬಡಿತ ಕೇಳುತ್ತೆ, ಅದರ ಬಾಲ ಕೇಳಲ್ಲ. ಇವೆರಡಕ್ಕೂ ಒಗ್ಗಿಕೊಂಡೆ. ಒಗ್ಗದಿದ್ದದ್ದು ಒಂದೇ. ಹಾಡು ಮುಗಿದು, ಕೊನೆಯ ಸ್ವರ ಕರಗಿ, ಚಪ್ಪಾಳೆ ಇನ್ನೂ ಶುರುವಾಗದ ಆ ಅರ್ಧ ಕ್ಷಣ ಇರುತ್ತಲ್ಲ, ಸಾವಿರಾರು ಜನ ಒಟ್ಟಿಗೆ ಉಸಿರು ಹಿಡಿದ ಹೊತ್ತು. ನಾನು ಮನೆಯಲ್ಲಿ ಕೂತು ರೆಕಾರ್ಡಿಂಗ್ ಕೇಳದೆ ಅಲ್ಲಿಗೆ ಹೋಗುತ್ತಿದ್ದದ್ದೇ ಅದಕ್ಕೆ. ಈಗ ಆ ಕ್ಷಣದಲ್ಲಿ ಎಡಗಡೆ "ಈಈಈ" ಇರುತ್ತೆ.

ಇದನ್ನೆಲ್ಲ ನಿಮ್ಮನ್ನು ಹೆದರಿಸಿ ಮನೆಯಲ್ಲಿ ಕೂರಿಸೋಕೆ ಹೇಳುತ್ತಿಲ್ಲ. ಹೋಗಿ. ಆದರೆ ನಿಮ್ಮ ಪ್ರಶ್ನೆಯ ಎರಡು ತುದಿಯೂ ನನಗೆ ಒಪ್ಪಿಗೆ ಇಲ್ಲ.

ಮೊದಲನೆಯದು 60. ಸಂಖ್ಯೆ ಇಟ್ಟುಕೊಂಡ ದಿನವೇ ಇಷ್ಟವಿಲ್ಲದ ಬ್ಯಾಂಡಿಗೂ ಹೋಗೋಕೆ ಶುರುಮಾಡುತ್ತೀರಿ, ಜ್ವರದಲ್ಲೂ ಹೋಗುತ್ತೀರಿ, ಕಿವಿ ಮೊರೆಯುತ್ತಿದ್ದರೂ ಹೋಗುತ್ತೀರಿ. ಲೆಕ್ಕ ಬೇಕೇಬೇಕು ಅಂದರೆ ಎರಡು ಜೋರು ರಾತ್ರಿಗಳ ಮಧ್ಯೆ ಎಷ್ಟು ಸುಮ್ಮನಿರೋ ದಿನ ಸಿಕ್ಕಿತು ಅಂತ ಲೆಕ್ಕ ಇಡಿ. ಕನ್ಸರ್ಟ್ ಮುಗಿಸಿ ಬಂದಾಗ ಕಿವಿಗೆ ಹತ್ತಿ ತುರುಕಿದ ಹಾಗಿದ್ದರೆ ಅದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಿಳಿಯಾಗುತ್ತೆ. ತಿಳಿಯಾಗೋ ಮೊದಲೇ ಮತ್ತೆ ಸ್ಪೀಕರ್ ಮುಂದೆ ನಿಲ್ಲೋದು ಹಸಿ ಗಾಯ ಕೆರೆದ ಹಾಗೆ. ಒಂದೇ ಬ್ಯಾಂಡಿನ ಮೂರು ರಾತ್ರಿ ಸತತವಾಗಿ ಬೇಡ ಅನ್ನೋದು ಅದಕ್ಕೇ. ಮೊದಲನೆಯದು ಮತ್ತು ಮೂರನೆಯದು ನೋಡಿ, ಹಾಡುಗಳ ಪಟ್ಟಿ ಎಲ್ಲಿ ಬದಲಾಯಿತು ಅನ್ನೋ ಮಜಾ ಅದರಲ್ಲೂ ಸಿಗುತ್ತೆ.

ಎರಡನೆಯದು ಮುಂದಿನ ಸಾಲು. ಕೇಳೋಕೆ ಹೋಗುತ್ತೀರೋ ನೋಡೋಕೆ ಹೋಗುತ್ತೀರೋ ಮೊದಲು ತೀರ್ಮಾನ ಮಾಡಿ. ಮುಂದಿನ ಸಾಲಿನಲ್ಲಿ ಗಾಯಕರ ಬೆವರು ಕಾಣುತ್ತೆ, ಆದರೆ ಅಲ್ಲಿನ ಸೌಂಡ್ ಬಹಳ ಸಲ ಕೆಟ್ಟದ್ದು. ಮೇಲೆ ನೇತುಹಾಕಿದ ಸ್ಪೀಕರ್‌ಗಳ ದನಿ ನಿಮ್ಮ ತಲೆ ಮೇಲೆ ಹಾದು ಹಿಂದಕ್ಕೆ ಹೋಗುತ್ತೆ. ನಿಮಗೆ ಸಿಗೋದು ನೆಲದ ಮೇಲಿಟ್ಟ ಸಬ್‌ವೂಫರ್‌ಗಳ ಗುಮ್ಮು, ವೇದಿಕೆ ಮೇಲಿನ ಗಿಟಾರ್ ಆ್ಯಂಪ್, ಮೈಕ್ ಹಾದು ಬರದ ಡ್ರಮ್ಸ್ ಸದ್ದು. ಸೌಂಡ್ ಎಂಜಿನಿಯರ್ ಪ್ರೇಕ್ಷಕರ ಮಧ್ಯೆ ದನಿಗಳನ್ನು ಬೆರೆಸೋ ಮಿಕ್ಸರ್ ಇಟ್ಟುಕೊಂಡು ನಿಂತಿರುತ್ತಾರಲ್ಲ, ಅವರು ತಮ್ಮ ಕಿವಿಗೆ ಬಿದ್ದದ್ದನ್ನು ಕೇಳಿಯೇ ಎಲ್ಲವನ್ನೂ ಹದ ಮಾಡೋದು. ಹಾಗಾಗಿ ಹದವಾದ ಸಂಗೀತ ಸಿಗೋದು ಅವರ ಅಕ್ಕಪಕ್ಕ. ನಾನಿದನ್ನು ಕಂಡುಕೊಂಡದ್ದು 64 ಕನ್ಸರ್ಟ್ ಆದ ಮೇಲೆ, ಹಿಂದೆ ನಿಲ್ಲಲೇಬೇಕಾಗಿ ಬಂದಾಗ. ಅಷ್ಟು ವರ್ಷ ಮುಂದೆ ನುಗ್ಗಿದ್ದು ನೆನೆದು ನಾಚಿಕೆಯಾಯಿತು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಜಾಗಗಳಿಗೆ ಒಂದು ಮಾನದಂಡ ಹೊರಡಿಸಿತು: ಸರಾಸರಿ ಶಬ್ದ 100 ಡೆಸಿಬಲ್ ದಾಟಬಾರದು, ಕಿವಿಗೆ ವಿರಾಮ ಕೊಡೋಕೆ ಸದ್ದಿಲ್ಲದ ಜಾಗ ಇರಬೇಕು, ಇಯರ್‌ಪ್ಲಗ್ ಸಿಗುವಂತಿರಬೇಕು ಅಂತ. ಒಳ್ಳೆಯದೇ. ಆದರೆ 100 ಅಂದರೂ ಆ 15 ನಿಮಿಷದ ಲೆಕ್ಕ ಮರೆಯಬೇಡಿ. ಒಂದು ಕಾಲದಲ್ಲಿ ಜೋರೇ ಹೆಮ್ಮೆಯಾಗಿತ್ತು. 1976ರಲ್ಲಿ ಲಂಡನ್ನಿನಲ್ಲಿ 'ದಿ ಹೂ' (The Who) ಅನ್ನೋ ರಾಕ್ ಬ್ಯಾಂಡಿನ ಕನ್ಸರ್ಟ್ 126 ಡೆಸಿಬಲ್ ಮುಟ್ಟಿತು ಅಂತ ಗಿನ್ನೆಸ್ ದಾಖಲೆಗೆ ಸೇರಿತ್ತು. ಆಮೇಲೆ ಗಿನ್ನೆಸ್‌ನವರೇ, ಇದರಿಂದ ಜನರ ಕಿವಿ ಹಾಳಾಗುತ್ತೆ ಅಂತ ಆ ವಿಭಾಗವನ್ನೇ ಕೈಬಿಟ್ಟರು. ಅದೇ ಬ್ಯಾಂಡಿನ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ತಮ್ಮ ಕಿವಿ ಹಾಳಾದ ಬಗ್ಗೆ ಬಹಿರಂಗವಾಗಿ ಮಾತಾಡುತ್ತಾ ಬಂದಿದ್ದಾರೆ. ಕೋಲ್ಡ್‌ಪ್ಲೇ ಬ್ಯಾಂಡಿನ ಗಾಯಕ ಕ್ರಿಸ್ ಮಾರ್ಟಿನ್ ಅವರಿಗೂ ಕಿವಿಮೊರೆತ ಇದೆ. ವೇದಿಕೆ ಮೇಲಿರೋರಿಗೇ ಹೀಗಾದರೆ ಸ್ಪೀಕರ್ ಬುಡದಲ್ಲಿ ನಿಂತ ನನ್ನಂಥವನ ಪಾಡೇನು!

ಪ್ಲಗ್ ತಗೊಳ್ಳುವಾಗ ಸ್ಪಾಂಜ್ ಬೇಡ, ಸಂಗೀತಗಾರರಿಗಂತಲೇ ಬರೋ ಫಿಲ್ಟರ್ ಇರುವಂಥದ್ದು ತಗೊಳ್ಳಿ. ಅದು ಮೇಲಿನ, ಕೆಳಗಿನ ಸ್ವರಗಳನ್ನು ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತೆ, ವಾಲ್ಯೂಮ್ ಗುಂಡಿ ತಿರುಗಿಸಿದ ಹಾಗೆ. ಕಂಬಳಿ ಹೊದ್ದ ದನಿ ಇಲ್ಲ, ಹಾಗಾಗಿ ತೆಗೆಯೋ ಆಸೆಯೂ ಬರಲ್ಲ. ನನ್ನ ಮಟ್ಟಿಗೆ ಇಡೀ ವಿಷಯ ಇರೋದೇ ಇಲ್ಲಿ. ಹೆಚ್ಚು ಡೆಸಿಬಲ್ ತಡೆಯೋ ಪ್ಲಗ್ಗಿಗಿಂತ, ಕೊನೇ ಹಾಡಿನವರೆಗೂ ಕಿವಿಯಲ್ಲೇ ಉಳಿಯೋ ಪ್ಲಗ್ ಮೇಲು. ಸ್ಪಾಂಜೇ ಗತಿ ಅಂದರೆ ಸಣ್ಣಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ತಳ್ಳಿ, ಉಬ್ಬುವವರೆಗೆ ಬೆರಳಿಟ್ಟು ಹಿಡಿಯಿರಿ. ನಿಮ್ಮ ದನಿ ನಿಮಗೇ ಕೊಡದೊಳಗೆ ಮಾತಾಡಿದ ಹಾಗೆ ಕೇಳಿದರೆ ಸರಿಯಾಗಿ ಕೂತಿದೆ. ಸರಿಮಾಡಬೇಕು ಅನ್ನಿಸಿದರೆ ಹೊರಗೆ ಹೋಗಿ ಸರಿಮಾಡಿಕೊಂಡು ಬನ್ನಿ, ಜಾಗ ಹೋದರೆ ಹೋಗಲಿ.

ಇನ್ನೊಂದು, ಇದು ತಮಾಷೆಯಲ್ಲ. ಒಂದು ಕಿವಿ ದಿಢೀರನೆ ಮಂದವಾದರೆ ನನ್ನ ಹಾಗೆ ಎರಡು ವಾರ ಕಾಯಬೇಡಿ, ಆ ದಿನವೇ ಕಿವಿ ವೈದ್ಯರನ್ನು ನೋಡಿ. ಅದನ್ನವರು ತುರ್ತು ಅಂತಲೇ ಪರಿಗಣಿಸುತ್ತಾರೆ. ಬೇಗ ಚಿಕಿತ್ಸೆ ಶುರುವಾದಷ್ಟೂ ಕಿವಿ ಉಳಿಯೋ ಸಾಧ್ಯತೆ ಹೆಚ್ಚು.

ಈಗ ನಾನು ವರ್ಷಕ್ಕೆ ಹನ್ನೆರಡು ಹದಿಮೂರಕ್ಕೆ ಹೋಗುತ್ತೇನೆ. ಲೆಕ್ಕ ಇಟ್ಟಿಲ್ಲ, ಅಂದಾಜು. ಪ್ಲಗ್ಗಿನ ಪುಟ್ಟ ಡಬ್ಬಿ ಬೀಗದ ಕೈಗೊಂಚಲಿನಲ್ಲೇ ಇದೆ. ಹಾಡುಗಳ ಪಟ್ಟಿ ಮತ್ತೆ ಬರೆಯೋಕೆ ಶುರುಮಾಡಿದ್ದೇನೆ, ಯಾವ ಹಾಡಿಗೆ ಯಾರು ಗಿಟಾರ್ ಬದಲಾಯಿಸಿದರು ಅನ್ನೋದೂ ಸೇರಿ.

ಅಂದಹಾಗೆ, ಎಷ್ಟು ಹೊತ್ತು ಮುಂಚೆ ಹೋಗಬೇಕು ಅಂತ ಕೇಳಿದ್ದಿರಲ್ಲ? ಮಿಕ್ಸರ್ ಪಕ್ಕದ ಜಾಗಕ್ಕೆ ಯಾರೂ ಹೊಡೆದಾಡಲ್ಲ. ಮೊದಲ ಹಾಡಿಗೆ ಹತ್ತು ನಿಮಿಷ ಮುಂಚೆ ಹೋದರೂ ಸಿಗುತ್ತೆ.