ಮೂರು ವರ್ಷದ ಸರ್ವೆ ತೋಪು, ಮರಗಳು ಗುಂಪಾಗಿ ಒಣಗುತ್ತಿವೆ. ಯಾವ ಔಷಧಿ ಹೊಡೆಯಲಿ?

ಒಂದೇ ಮೂಲೆಯಲ್ಲಿ ಏಳೆಂಟು ಮರ ಒಣಗಿವೆ, ತೊಗಟೆ ಮೇಲೆ ಗುಳ್ಳೆ ಎದ್ದಿದೆ ಅಂತ ಬರೆದಿದ್ದೀರಿ. ಒಂದು ಗುಳ್ಳೆಯನ್ನು ಕೆರೆದು ನೋಡಿ. ಮಸಿಯಂಥ ಕಪ್ಪು ಪುಡಿ ಕೈಗೆ ಹತ್ತಿದರೆ ಅದು ತೊಗಟೆ ಗುಳ್ಳೆ ರೋಗ. ಟ್ರೈಕೋಸ್ಪೋರಿಯಂ ವೆಸಿಕ್ಯುಲೋಸಂ ಎಂಬ ಶಿಲೀಂಧ್ರದ ಕೆಲಸ.

ಗುಳ್ಳೆ ಎದ್ದ ಮರವನ್ನು ಉಳಿಸುವ ಆಸೆ ಬಿಡಿ. ಅಂಗಡಿಗೆ ಹೋದರೆ ಯಾವುದೋ ಡಬ್ಬಿ ಕೊಟ್ಟೇ ಕೊಡುತ್ತಾರೆ. ನಾನೂ ಎರಡು ಸಲ ತಂದು ಬುಡಕ್ಕೆ ಸುರಿದವನೇ. ಮರವೂ ಹೋಯಿತು, ದುಡ್ಡೂ ಹೋಯಿತು.

ನನ್ನ ತೋಪಿಗೆ ರೋಗ ಬರೋದಕ್ಕೆ ದಾರಿ ಮಾಡಿಕೊಟ್ಟವನು ನಾನೇ ಇರಬೇಕು. ಕಂಬ ನೇರ ಬರಲಿ ಅಂತ ಕೆಳಗಿನ ಕೊಂಬೆ ಸವರಿಸಿದ್ದೆ. ಸಾಲದ್ದಕ್ಕೆ ಸಾಲುಗಳ ನಡುವೆ ಟ್ರ್ಯಾಕ್ಟರ್ ಓಡಿಸಿದ್ದೆ. ಕಾಂಡಕ್ಕೂ ಗಾಯ, ಬೇರಿಗೂ ಗಾಯ. ಈ ಶಿಲೀಂಧ್ರ ಗಾಯದಲ್ಲೇ ಒಳಗೆ ಹೋಗುವುದು. ಆಮೇಲೆ ಬೇರಿಗೆ ಬೇರು ತಾಗಿ ಪಕ್ಕದ ಮರಕ್ಕೆ ದಾಟುತ್ತದೆ. ನಿಮ್ಮಲ್ಲೂ ಒಂದೇ ಮೂಲೆ ಒಣಗಿರುವುದು ಅದಕ್ಕೇ. ಮೀಟರಿಗೊಂದು ಸಸಿ, ಎಕರೆಗೆ 4,000 ಅಂತ ಒತ್ತಾಗಿ ಇಟ್ಟಿದ್ದರಂತೂ ಬೇರುಗಳು ಹೆಣೆದುಕೊಂಡೇ ಇರುತ್ತವೆ.

ಈಗಲೇ ಮಾಡಬೇಕಾದದ್ದು: ಒಣಗಿದವನ್ನು ಬೇರು ಸಮೇತ ಕೀಳಿಸಿ. ಬುಡ, ತೊಗಟೆ, ಸೊಪ್ಪು ಎಲ್ಲ ಸುಟ್ಟುಬಿಡಿ, ತೋಪಿಗೆ ಕಿಡಿ ಹಾರದ ಹಾಗೆ. ಆ ಜಾಗದ ಸುತ್ತ ಅಗಳ ತೋಡಿ. ಅಗಳ ತೋಡಿದರೂ ಬೇರಿಗೆ ಗಾಯ ಆಗುತ್ತೆ ಅಲ್ವಾ ಅಂತೀರಾ? ಆಗುತ್ತೆ. ಆದ್ದರಿಂದ ಒಣಗಿದ ಮರಕ್ಕೆ ಅಂಟಿಕೊಂಡು ತೋಡಬೇಡಿ. ಚೆನ್ನಾಗಿ ಕಾಣುವ ಒಂದೆರಡು ಸಾಲು ಒಳಗೇ ಇರಲಿ, ಅಗಳ ಅದರಾಚೆ ಬರಲಿ. ಆ ಸಾಲುಗಳ ಬೇರಿಗೆ ರೋಗ ಆಗಲೇ ತಲುಪಿರಬಹುದು. ಉಳಿದ ತೋಪಿಗೆ ಬೇಸಿಗೆಯಲ್ಲಿ ನೀರು ತಪ್ಪಿಸಬೇಡಿ. ಬಾಯಾರಿದ ಮರಕ್ಕೆ ಬೇಗ ತಗಲುತ್ತದೆ.

ಮತ್ತೆ ನೆಡುವಾಗ ಸುಮ್ನೆ ಅದೇ ಮಾಮೂಲಿ ಸರ್ವೆ ತರಬೇಡಿ. ಜುಂಗುಹ್ನಿಯಾನಾ ಎಂಬ ಇನ್ನೊಂದು ಜಾತಿಯ ಸರ್ವೆ ಇದೆ, ಈ ರೋಗವನ್ನು ಜಾಸ್ತಿ ತಡೆಯುತ್ತದೆ, ಕಡಿದರೆ ಚಿಗುರುತ್ತದೆ ಕೂಡ. ಕೊಯಮತ್ತೂರಿನ ಕೇಂದ್ರ ಅರಣ್ಯ ತಳಿ ಸಂಸ್ಥೆಯವರು ಅದರ ಕ್ಲೋನ್‌ಗಳನ್ನು, ಅಂದರೆ ಆರಿಸಿದ ಒಂದೊಂದು ತಾಯಿ ಮರದ ತುಂಡಿನಿಂದ ಬೆಳೆಸಿದ ತದ್ರೂಪಿ ಸಸಿಗಳನ್ನು, ಬಿಟ್ಟಿದ್ದಾರೆ. ಒಂದೇ ಕ್ಲೋನ್ ಇಡೀ ಹೊಲಕ್ಕೆ ಹಾಕಬೇಡಿ, ಎರಡು ಮೂರು ಕಲಸಿ.

ಕೆರೆದಾಗ ಕಪ್ಪು ಪುಡಿ ಬರಲೇ ಇಲ್ಲ ಅನ್ನಿ. ಆಗ ಬೇರಿನ ಹಸಿ ತುಂಡೊಂದನ್ನು ಗಾಜಿನ ಲೋಟದ ನೀರಲ್ಲಿ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ಅದು ಟೊಮೆಟೊ ಸೊರಗಿಸುವ ಬ್ಯಾಕ್ಟೀರಿಯಾ. ಮರ ತೆಗೆದ ಮೇಲೆ ಅಲ್ಲಿ ಟೊಮೆಟೊ, ಬದನೆ ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ.