ಮನೆ ತೋರಿಸಿದವರು ಯಾರು?

ನಮಸ್ಕಾರ,

ಇಥಿಯೋಪಿಯಾದ ‘ಕೆಂಪು ಭಯೋತ್ಪಾದನೆ’ಯ ಬಗ್ಗೆ, ಅಂದರೆ ಅಲ್ಲಿನ ಸೈನಿಕ ಸರ್ಕಾರ ತನ್ನ ವಿರೋಧಿಗಳನ್ನು ಹುಡುಕಿ ಕೊಂದ ಕಾಲದ ಬಗ್ಗೆ, ನೀವು ಕಳಿಸಿದ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಿ ಅನ್ನುವುದಕ್ಕೆ ನನಗೆ ಮನಸ್ಸಿಲ್ಲ.

ಶುರು ಚೆನ್ನಾಗಿದೆ. 1977ರ ಏಪ್ರಿಲ್, ಅಡಿಸ್ ಅಬಾಬಾದ ದೊಡ್ಡ ಚೌಕ. ಆ ಸರ್ಕಾರದ ಮುಖ್ಯಸ್ಥ ಮೆಂಗಿಸ್ತು ಹೈಲೆ ಮರಿಯಮ್ ಕೆಂಪು ದ್ರವ ತುಂಬಿದ ಬಾಟಲಿಗಳನ್ನು ಜನರೆದುರು ಒಡೆಯುತ್ತಾನೆ. ಅದು ನಿಜಕ್ಕೂ ನಡೆದದ್ದು. ಆಮೇಲೆ ಹತ್ತು ಪುಟ ನೀವು ಅವನನ್ನು ಬಿಟ್ಟು ಕದಲುವುದೇ ಇಲ್ಲ. ಗರ್ಜಿಸುತ್ತಾನೆ, ಕಣ್ಣು ಕೆಂಪು ಮಾಡುತ್ತಾನೆ, ಯಕ್ಷಗಾನದ ಬಣ್ಣದ ವೇಷದ ಹಾಗೆ. ಸರಿ, ಆದರೆ ಯಾವ ಬೀದಿಯ ಯಾವ ಮನೆಗೆ ನುಗ್ಗಬೇಕು ಅಂತ ಅವನಿಗೆ ಹೇಳಿದವರು ಯಾರು?

ಕೆಬೆಲೆ. ನಿಮ್ಮ ಕಥೆಯಲ್ಲಿ ಆ ಪದ ಒಂದೇ ಸಲ ಬರುತ್ತದೆ. ಅದು ಬಡಾವಣೆಯ ನಿವಾಸಿಗಳ ಸಂಘ. 1975ರಲ್ಲಿ ಸರ್ಕಾರ ಬಾಡಿಗೆ ಮನೆಗಳನ್ನು ವಶಕ್ಕೆ ತೆಗೆದುಕೊಂಡಾಗ ಸಣ್ಣ ಮನೆಗಳನ್ನು ಇವರ ಕೈಗೆ ಕೊಟ್ಟಿತು. ಬಾಡಿಗೆ ವಸೂಲಿ ಮಾಡುತ್ತಿದ್ದ ಕಚೇರಿಗೆ ಎರಡು ವರ್ಷದೊಳಗೆ ಬಂದೂಕು ಬಂತು, ಲಾಕಪ್ ಬಂತು. ಯಾರ ಮನೆಯ ಹುಡುಗ ರಾತ್ರಿ ತಡವಾಗಿ ಬರುತ್ತಾನೆ ಅಂತ ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ, ಅಲ್ವಾ? ನಿಮ್ಮ ಕಥೆ ಇರುವುದು ಅಲ್ಲಿ.

ನಿಮ್ಮ ತಾಯಿ ಪಾತ್ರ ಮಗನ ಹೆಣದ ಮೇಲೆ ಬಿದ್ದು ಎರಡು ಪುಟ ಮಾತಾಡುತ್ತಾಳೆ. ಆಗ ಬಹಿರಂಗವಾಗಿ ಅಳುವುದಕ್ಕೂ ಬಿಡುತ್ತಿರಲಿಲ್ಲ. ಹೆಣ ಬೇಕೆಂದರೆ ಕೊಂದ ಗುಂಡಿನ ದುಡ್ಡು ಕಟ್ಟಿ ಅಂದರು, ಎಷ್ಟೋ ಮನೆಯವರು ಕಟ್ಟಿದರು. ಮಾತು ಪೂರ್ತಿ ತೆಗೆಯಿರಿ. ಅವಳು ನೋಟು ಎಣಿಸಲಿ. ಅದನ್ನು ತೆಗೆದುಕೊಳ್ಳುವವನು ಅವಳಿಗೆ ಬಾಡಿಗೆ ರಸೀದಿ ಬರೆದುಕೊಡುತ್ತಿದ್ದವನೇ ಆಗಿರಲಿ.

ಮಗ ಮಾತ್ರ ಸುಮ್ನೆ ಸಾಯುತ್ತಾನೆ. ಅವನು ಏನನ್ನು ನಂಬಿದ್ದ? ‘ಭೂಮಿ ಉಳುವವನಿಗೆ’ ಎಂದು ಅಲ್ಲಿನ ವಿದ್ಯಾರ್ಥಿಗಳು 1965ರಲ್ಲೇ ಬೀದಿಗಿಳಿದಿದ್ದರು. 1974ರಲ್ಲಿ ಚಕ್ರವರ್ತಿಯನ್ನು ಇಳಿಸಿದ ಸೈನಿಕರ ಸಮಿತಿ ದೆರ್ಗ್, ಮರುವರ್ಷ ಜಮೀನ್ದಾರರ ಭೂಮಿ ಕಿತ್ತುಕೊಂಡಿತು. ಆ ಹುಡುಗರು ಕೇಳಿದ್ದು ಅದನ್ನೇ. ಜೊತೆಗೆ ಜನರ ಸರ್ಕಾರವನ್ನೂ ಕೇಳಿದರು, ಅದು ಸಿಗಲಿಲ್ಲ. ಅವರನ್ನು ಸೆಳೆದ ಜನರ ಕ್ರಾಂತಿ ಪಕ್ಷವೂ ನಗರದಲ್ಲಿ ದೆರ್ಗ್ ಪರ ಇದ್ದವರನ್ನು ಗುಂಡಿಟ್ಟು ಕೊಂದಿತ್ತು. ಅದನ್ನು ಮುಚ್ಚಿಡಬೇಡಿ. ಹುಡುಗನಿಗೆ ಅದು ಗೊತ್ತಿತ್ತೇ, ಗೊತ್ತಿದ್ದೂ ಸುಮ್ಮನಿದ್ದನೇ? ಬರೆಯಿರಿ.

ಕೊನೆಯಲ್ಲಿ ಜನ ಮೆಂಗಿಸ್ತುವನ್ನು ಬೀದಿಯಲ್ಲಿ ಎಳೆದಾಡುವ ದೃಶ್ಯ ಬೇಡ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಹಾಗೆ ಆಗಲಿಲ್ಲ. 1991ರಲ್ಲಿ ಅವನು ಜಿಂಬಾಬ್ವೆಗೆ ಓಡಿಹೋದ. 2006ರಲ್ಲಿ ನರಮೇಧದ ಅಪರಾಧಿ ಎಂದು ಅಡಿಸ್ ಅಬಾಬಾದ ಕೋರ್ಟು ಹೇಳಿದಾಗಲೂ ಅಲ್ಲೇ ಇದ್ದ. ನೋಟು ಎಣಿಸಿದ ತಾಯಿ ಅಷ್ಟು ಹೊತ್ತಿಗೆ ಮುದುಕಿ. ಆ ತೀರ್ಪನ್ನು ಅವಳು ರೇಡಿಯೋದಲ್ಲಿ ಕೇಳಲಿ. ರಸೀದಿ ಬರೆದವನು ಇನ್ನೂ ಅದೇ ಬೀದಿಯಲ್ಲಿರಲಿ.

ಮತ್ತೆ ಬರೆದು ಕಳಿಸಿ. ಕಾಯುತ್ತಿರುತ್ತೇನೆ.

ಸಂಪಾದಕ