‘ಈಗ ನೋವೇ ಇಲ್ಲ ಮೇಡಂ’: ಕಾರ್ಪಲ್ ಟನಲ್ ಆಪರೇಷನ್ ಮುಂದೂಡ್ತಾ ಬಂದವರೊಬ್ಬರ ಕಥೆ

ಈ ಪ್ರಕರಣ ಬರೀಬೇಕಾ ಬೇಡ್ವಾ ಅಂತ ತುಂಬಾ ದಿನ ಯೋಚನೆ ಮಾಡ್ದೆ, ಯಾಕಂದ್ರೆ ಇದ್ರಲ್ಲಿ ನನ್ನ ತಪ್ಪೂ ಒಂದಿದೆ. ಆದ್ರೆ ಅದೇ ಥರದವರು ಮತ್ತೆ ಮತ್ತೆ ಬರ್ತಾನೇ ಇದಾರೆ, ಎಲ್ಲರ ಬಾಯಲ್ಲೂ ಒಂದೇ ಮಾತು, "ಡಾಕ್ಟ್ರು ಕೈಗೆ ಆಪರೇಷನ್ ಮಾಡಿಸ್ಕೊಳ್ಳಿ ಅಂದಿದಾರೆ, ಮನಸ್ಸು ಒಪ್ತಿಲ್ಲ." ಅದಕ್ಕೇ ಬರೀತಿದೀನಿ. ಕಾರ್ಪಲ್ ಟನಲ್ ಅಂದ್ರೆ ಮಣಿಕಟ್ಟಲ್ಲಿ ನರ ಒತ್ತಿ ಬೆರಳು ಜೋಮು ಹಿಡಿಯೋ ತೊಂದರೆ. ಹೆಸರು, ವಯಸ್ಸು ಎಲ್ಲಾ ಬದಲಾಯಿಸಿದೀನಿ. ವಸುಧಾ ಅಂತ ಇಟ್ಕೊಳ್ಳೋಣ, ಐವತ್ತರ ಆಸುಪಾಸು, ಹೊಲಿಗೆ ಕೆಲಸ. ಹೊಲಿಗೆ ಅನ್ನೋದೂ ಬದಲಾಯಿಸಿದ್ದೇ, ಆದ್ರೆ ಬೆರಳ ತುದೀಲಿ ಜೀವ ಇರಲೇಬೇಕಾದ ಕೆಲಸ ಅನ್ನೋದು ಮಾತ್ರ ನಿಜ.

ಮೊದಲ ಸಲ ಅವರು ಬಂದಿದ್ದು ಕೈ ನೋವು ಅಂತ ಅಲ್ಲ, ನಿದ್ದೆ ಬರಲ್ಲ ಅಂತ. ಟೆನ್ಷನ್ ಇರ್ಬೇಕು ಅಂತ ಮನೆಯವರೇ ಆಪ್ತಸಲಹೆ ಮಾಡೋ ನನ್ನ ಹತ್ರ ಕಳ್ಸಿದ್ರು. ಮಾತಾಡ್ತಾ ಮಾತಾಡ್ತಾ ಗೊತ್ತಾಯ್ತು, ರಾತ್ರಿ ಎರಡು ಗಂಟೆ ಮೂರು ಗಂಟೆಗೆ ಬಲಗೈ ಜೋಮು ಹಿಡಿದು ಎಚ್ಚರ ಆಗುತ್ತೆ, ಎದ್ದು ಕೂತು ಕೈ ಒದರ್ತಾರೆ, ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ, ಮತ್ತೆ ಮಲಗಿದ್ರೆ ಮತ್ತೆ ಅದೇ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರದ ಬೆರಳಲ್ಲಿ ಅರ್ಧ. ಕಿರುಬೆರಳಿಗೆ ಏನೂ ಇಲ್ಲ. ಆಗಲೇ ನರ್ವ್ ಕಂಡಕ್ಷನ್ ಟೆಸ್ಟ್, ಅಂದ್ರೆ ನರ ಎಷ್ಟು ಚೆನ್ನಾಗಿ ಸುದ್ದಿ ಸಾಗಿಸುತ್ತೆ ಅಂತ ನೋಡೋ ಟೆಸ್ಟ್, ಆಗಿತ್ತು, ತೊಂದರೆ ಮಧ್ಯಮ ಮಟ್ಟದ್ದು ಅಂತ ಬಂದಿತ್ತು, ರಾತ್ರಿ ಮಣಿಕಟ್ಟು ಮಡಚದ ಹಾಗೆ ಹಿಡಿಯೋ ಸ್ಪ್ಲಿಂಟ್ ಹಾಕಿ ನೋಡಿದ್ರು, ಸ್ಟೀರಾಯ್ಡ್ ಇಂಜೆಕ್ಷನ್ ಒಂದು ಆಗಿತ್ತು, ಮೂರು ತಿಂಗಳು ಹಾಯಾಗಿದ್ದು ವಾಪಸ್ ಬಂದಿತ್ತು. ಇನ್ನು ಆಪರೇಷನ್ನೇ ಒಳ್ಳೇದು ಅಂತ ಡಾಕ್ಟ್ರು ಹೇಳಿದ್ರು.

ಆವತ್ತು ನಾನು ಹೇಳಿದ ಮಾತು ಇದು: "ಆತುರ ಏನಿಲ್ಲ, ನಿಮ್ಮ ಮನಸ್ಸು ಯಾವಾಗ ಒಪ್ಪುತ್ತೋ ಆವಾಗ ಮಾಡಿಸ್ಕೊಳ್ಳಿ." ನಮ್ಮ ವೃತ್ತಿಯವರು ತಿಂಗಳಿಗೆ ನೂರು ಸಲ ಹೇಳೋ ಮಾತು. ಮದುವೆ ವಿಷಯಕ್ಕೆ, ಕೆಲಸ ಬಿಡೋ ವಿಷಯಕ್ಕೆ, ಯಾರನ್ನೋ ಕ್ಷಮಿಸೋ ವಿಷಯಕ್ಕೆ ಅದು ಸರಿನೇ. ಅವರು ಹಗುರಾಗಿ ಎದ್ದು ಹೋದ್ರು, ನಾನೂ ಒಳ್ಳೇ ಸೆಷನ್ ಆಯ್ತು ಅಂತ ಬರ್ಕೊಂಡೆ.

ಎಂಟು ತಿಂಗಳು ಪತ್ತೆ ಇಲ್ಲ.

ಆಮೇಲೆ ಒಂದಿನ ಬಂದ್ರು, ಥ್ಯಾಂಕ್ಸ್ ಹೇಳೋಕೆ. ಮುಖ ಗೆಲುವಾಗಿತ್ತು. "ಈಗ ನೋವೇ ಇಲ್ಲ ಮೇಡಂ, ರಾತ್ರಿ ಎಚ್ಚರಾನೂ ಆಗಲ್ಲ. ನೀವು ಹೇಳಿದ ಹಾಗೆ ಕಾದಿದ್ದೇ ಒಳ್ಳೇದಾಯ್ತು, ತಾನಾಗೇ ವಾಸಿ ಆಗ್ತಿದೆ." ಒಂದರ್ಧ ನಿಮಿಷ ನಂಗೂ ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆಮೇಲೆ ಸೈನ್ ಮಾಡೋಕೆ ಪೆನ್ ಕೊಟ್ಟೆ. ಪೆನ್ ಬೆರಳ ಸಂದಿಯಿಂದ ಜಾರಿ ಬಿತ್ತು. ಬೀಳೋದು ಯಾರಿಗಾದ್ರೂ ಬೀಳುತ್ತೆ, ಅವರು ಅದನ್ನ ಎತ್ಕೊಂಡ ರೀತಿ ನೋಡಿ ನನ್ನ ಹೊಟ್ಟೆ ಒಳಗೆ ಏನೋ ಆಯ್ತು. ನಾವೆಲ್ಲ ಪೆನ್ ಎತ್ಕೊಳ್ಳೋವಾಗ ಪೆನ್ ಕಡೆ ನೋಡ್ತಾ ಇರಲ್ಲ, ಮಾತಾಡ್ತಾನೇ ಎತ್ಕೋತೀವಿ. ಅವರು ಬಗ್ಗಿ, ಬೆರಳನ್ನ ಕಣ್ಣಲ್ಲೇ ನೋಡ್ಕೊಂಡು, ಒಂದೊಂದಾಗಿ ಪೆನ್ ಮೇಲೆ ಇಟ್ರು.

"ಸೂಜಿ ಹಿಡಿಯೋದು ಹೇಗೆ ನಡೀತಿದೆ?" ಅಂತ ಕೇಳ್ದೆ.

"ಅದೇನಿಲ್ಲ, ಹಿಡ್ಕೊಂಡಿದೀನೋ ಇಲ್ವೋ ಒಂದ್ಸಲ ನೋಡ್ಕೋಬೇಕು ಅಷ್ಟೇ. ಗುಂಡಿ ಹಾಕೋಕೆ ಮಗಳು ಇದಾಳೆ."

ಎರಡೂ ಕೈ ಮೇಜಿನ ಮೇಲೆ ಅಂಗೈ ಮೇಲೆ ಮಾಡಿ ಇಡಿ ಅಂದೆ. ಎಡಗೈಲಿ ಹೆಬ್ಬೆರಳ ಬುಡದ ದಿಂಡು ತುಂಬ್ಕೊಂಡಿತ್ತು. ಬಲಗೈಲಿ ಅದೇ ಜಾಗ ತಗ್ಗಾಗಿತ್ತು, ಯಾರೋ ಬೆರಳಲ್ಲಿ ಒತ್ತಿ ಬಿಟ್ಟ ಹಾಗೆ. ನಾನು ಡಾಕ್ಟ್ರಲ್ಲ, ಆದ್ರೆ ಎರಡು ಕೈ ಪಕ್ಕಪಕ್ಕ ಇಟ್ರೆ ವ್ಯತ್ಯಾಸ ಕಾಣೋಕೆ ಡಾಕ್ಟ್ರಾಗ್ಬೇಕಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಿಸಿ ಕೈ ಒಳಗೆ ಏನಾಗುತ್ತೆ ಅಂತ ಹೇಳ್ಬಿಡ್ತೀನಿ, ಅದು ಗೊತ್ತಿಲ್ದೆ ಮುಂದಿನದು ಅರ್ಥ ಆಗಲ್ಲ. ಮಣಿಕಟ್ಟಿನ ಹತ್ರ ಒಂದು ಕಿರಿದಾದ ದಾರಿ ಇದೆ, ಅದೇ ಕಾರ್ಪಲ್ ಟನಲ್, ಕೆಳಗೆ ಸಣ್ಣ ಸಣ್ಣ ಮೂಳೆಗಳು, ಮೇಲೆ ಚಾವಣಿ ಥರ ಲಿಗಮೆಂಟ್ ಅನ್ನೋ ಗಟ್ಟಿ ಪಟ್ಟಿ. ಬೆರಳು ಮಡಚೋ ಹುರಿಗಳು, ಅಂದ್ರೆ ಒಂಬತ್ತು ಟೆಂಡನ್‌ಗಳು, ಜೊತೆಗೆ ಮೀಡಿಯನ್ ನರ್ವ್ ಅನ್ನೋ ನರ, ಎಲ್ಲಾ ಅದ್ರೊಳಗೇ ಹಾದು ಹೋಗ್ಬೇಕು. ಆ ಜಾಗ ಹಿಗ್ಗಲ್ಲ. ಒಳಗೆ ಸ್ವಲ್ಪ ಊದಿದ್ರೂ ಒತ್ತಡ ತಿನ್ನೋದು ಎಲ್ಲಕ್ಕಿಂತ ಮೆತ್ತಗಿರೋ ನರ. ಮೊದಮೊದಲು ರಾತ್ರಿ ಮಣಿಕಟ್ಟು ಮಡಚಿ ಮಲಗಿದಾಗ ನರಕ್ಕೆ ರಕ್ತ ಸರಿಯಾಗಿ ಹೋಗಲ್ಲ, ಅದು ಕಿರುಚುತ್ತೆ, ಅದೇ ಜೋಮು, ಅದೇ ಉರಿ. ವರ್ಷಗಟ್ಟಲೆ ಒತ್ತಿದ್ರೆ ನರದ ಎಳೆಗಳೇ ಸಾಯೋಕೆ ಶುರು ಆಗುತ್ತೆ. ಆಗ ಸ್ಪರ್ಶದ ಸುದ್ದಿ ತಲುಪಲ್ಲ, ನೋವಿನ ಸುದ್ದೀನೂ ತಲುಪಲ್ಲ. ದಿನಾ ಜಗಳ ಆಡ್ತಿದ್ದವರು ಸುಮ್ನಾದ್ರು ಅಂದ್ರೆ ರಾಜಿ ಆಯ್ತು ಅಂತಲೇ ಅಲ್ವಲ್ಲ, ಮಾತು ಬಿಟ್ಟಿರ್ಬಹುದು. ಬೆರಳು ಮರಗಟ್ಟಿ, ದಿಂಡು ಕರಗಿ, ನೋವು ಮಾತ್ರ ನಿಂತಿದೆ ಅಂದ್ರೆ ಅದು ವಾಸಿ ಆಗೋ ಲಕ್ಷಣ ಅಲ್ಲವೇ ಅಲ್ಲ.

ಇದನ್ನೇ ಅವರಿಗೆ ಹೇಳ್ದೆ. ಅದಕ್ಕೂ ಮುಂಚೆ, "ಹೋದ ಸಲ ಆತುರ ಇಲ್ಲ ಅಂದಿದ್ದು ನಾನೇ, ಅದು ತಪ್ಪು ಮಾತು, ನಿಮ್ಮ ಮನಸ್ಸನ್ನ ಕೇಳ್ದೆ, ನಿಮ್ಮ ಕೈನ ಕೇಳ್ಲಿಲ್ಲ" ಅಂದೆ. ಅವರು ಏನೂ ಅನ್ಲಿಲ್ಲ.

ಮತ್ತೆ ಭಯ ಯಾವುದು ಅಂತ ಕೇಳ್ದೆ. ಸಂಬಂಧಿಕರೊಬ್ಬರಿಗೆ ಆಪರೇಷನ್ ಆದ್ಮೇಲೆ ಕೈ ಬಿಗಿದುಕೊಂಡು ಹಾಳಾಯ್ತಂತೆ, ನರಾನೇ ಕತ್ತರಿಸಿಬಿಟ್ರೆ ಏನು ಗತಿ, ಇಷ್ಟಕ್ಕೂ ತಾನೇ ಜಾಸ್ತಿ ಕೆಲಸ ಮಾಡಿ ತಂದ್ಕೊಂಡಿದ್ದು, ಹೀಗೆ ಒಂದಾದ್ಮೇಲೆ ಒಂದು ಬಂತು. ಒಂದೊಂದಕ್ಕೂ ಉತ್ತರ ಹೇಳ್ತಾ ಹೋದೆ, ಅವರು ತಲೆ ಆಡಿಸ್ತಾ ಹೋದ್ರು, ಒಂದೂ ಒಳಗೆ ಇಳೀತಿಲ್ಲ ಅಂತ ಗೊತ್ತಾಗ್ತಿತ್ತು. ಆಮೇಲೆ ನಾನೂ ಸುಮ್ನಾದೆ. ಹೊರಗೆ ಇನ್ನೊಬ್ಬರು ಕಾಯ್ತಿದ್ರು, ಬಾಗಿಲು ಎರಡು ಸಲ ತಟ್ಟಿದ್ರು, ಆದ್ರೂ ಸುಮ್ನೇ ಕೂತೆ.

"ಮೂರು ವಾರ ನಾನು ಕೈ ಕಟ್ಕೊಂಡು ಕೂತ್ರೆ..." ಅಂತ ಶುರು ಮಾಡಿದ್ರು. ಮನೆ ಕೆಲಸ ಯಾರು ಮಾಡ್ತಾರೆ ಅಂತಾರೆ ಅಂದ್ಕೊಂಡೆ, ಎಲ್ಲರೂ ಅದನ್ನೇ ಅನ್ನೋದು. ಅವರು ಅಂದಿದ್ದು ಬೇರೆ. "ಮೂರು ವಾರ ನಾನು ಕೈ ಕಟ್ಕೊಂಡು ಕೂತ್ರೆ, ನಾನಿಲ್ದೇನೂ ಎಲ್ಲಾ ನಡೆಯುತ್ತೆ ಅಂತ ಅವರಿಗೆಲ್ಲ ಗೊತ್ತಾಗ್ಬಿಡುತ್ತೆ ಮೇಡಂ."

ಈ ಮಾತಿಗೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಈಗಲೂ ಪೂರ್ತಿ ಇಲ್ಲ. ಪುಸ್ತಕದ ಪ್ರಕಾರ ಹೋದ್ರೆ ಇಲ್ಲಿಂದ ಮುಂದೆ ಹತ್ತು ಸೆಷನ್ ಮಾಡ್ಬೇಕು, ಈ ಭಯದ ಬೇರು ಎಲ್ಲಿದೆ ಹುಡುಕ್ಬೇಕು. ಆದ್ರೆ ನನ್ನ ಕಣ್ಣು ಆ ತಗ್ಗಾದ ದಿಂಡಿನ ಮೇಲೇ ಇತ್ತು. ನಾನು ಹೇಳಿದ್ದಿಷ್ಟು: "ಇದು ದೊಡ್ಡ ಮಾತು, ಇದನ್ನ ಕೂತು ಮಾತಾಡೋಣ, ಎಷ್ಟು ತಿಂಗಳು ಬೇಕಾದ್ರೂ. ಆದ್ರೆ ಇದು ಬಗೆಹರಿದ ಮೇಲೆ ಆಪರೇಷನ್ ಅಂತ ಇಟ್ಕೋಬೇಡಿ, ನರ ಅಷ್ಟು ದಿನ ಕಾಯಲ್ಲ. ಭಯಾನ ಜೊತೇಲೇ ಕರ್ಕೊಂಡು ಹೋಗಿ. ಮನಸ್ಸು ಒಪ್ಪದೇನೂ ಹೋಗ್ಬಹುದು."

"ಹೆದರಿಸ್ತಿದೀರಾ?"

"ಹೌದು, ಸ್ವಲ್ಪ."

ಇದನ್ನ ನಂಜೊತೆ ಕೆಲಸ ಮಾಡೋರಿಗೆ ಹೇಳಿದಾಗ ಒಬ್ಬರು ಸಿಟ್ಟೇ ಆದ್ರು, ಆಪ್ತಸಲಹೆಗಾರರು ಹೆದರಿಸ್ಬಾರ್ದು, ದಾರಿ ತೋರಿಸ್ಬಾರ್ದು, ನಿರ್ಧಾರ ಅವರದ್ದೇ ಆಗ್ಬೇಕು ಅಂತ. ನಿರ್ಧಾರ ಅವರದ್ದೇ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಮುಂದೂಡೋದೂ ಒಂದು ನಿರ್ಧಾರನೇ, ಅದ್ರ ಬೆಲೆ ಏನು ಅಂತ ಹೇಳ್ದೇ ಇರೋದು ಗೌರವ ಅಲ್ಲ, ಅದು ನನ್ನ ಕೈ ತೊಳ್ಕೊಳ್ಳೋ ದಾರಿ. ಮಾಡಿಸ್ಕೊಳ್ಳಿ ಅಂತಲೂ ನಾನು ಹೇಳ್ಲಿಲ್ಲ. ಈ ವಾರದೊಳಗೆ ಹೋಗಿ, ಟೆಸ್ಟ್ ಇನ್ನೊಂದ್ಸಲ ಮಾಡಿಸಿ, ಎಂಟು ತಿಂಗಳ ಹಿಂದಿನ ರಿಪೋರ್ಟ್ ಪಕ್ಕ ಇಟ್ಟು ಏನು ಬದಲಾಗಿದೆ ಅಂತ ಕೇಳಿ, ಈಗ ಮಾಡಿಸಿದ್ರೆ ಏನು ವಾಪಸ್ ಬರುತ್ತೆ ಏನು ಬರಲ್ಲ, ಮಾಡಿಸ್ದೇ ಇದ್ರೆ ಏನು ಅಂತ ನೇರವಾಗಿ ಕೇಳಿ ಅಂದೆ.

ಓದ್ತಿರೋರು ಇದನ್ನ ತಪ್ಪಾಗಿ ತಗೋಬೇಡಿ. ಜೋಮು ಹಿಡಿದೋರೆಲ್ಲ ಆಪರೇಷನ್‌ಗೆ ಓಡಿ ಅಂತ ನಾನು ಹೇಳ್ತಿಲ್ಲ. ಬಂದು ಹೋಗೋ ಜೋಮು, ಶಕ್ತಿ ಎಲ್ಲಾ ಸರಿ ಇದೆ ಅನ್ನೋರು ಮಣಿಕಟ್ಟು ನೆಟ್ಟಗೆ ಹಿಡಿಯೋ ಸ್ಪ್ಲಿಂಟನ್ನ ರಾತ್ರಿ ಒಂದು ಆರು ವಾರ ಹಾಕಿ ನೋಡ್ಬಹುದು, ಎಷ್ಟೋ ಜನಕ್ಕೆ ಅಷ್ಟೇ ಸಾಕಾಗುತ್ತೆ. ಬಸುರಿಯರಿಗೆ ಬಂದಿದ್ದು ಹೆರಿಗೆ ಆದ್ಮೇಲೆ ಬಹಳಷ್ಟು ಸಲ ತಾನೇ ಇಳಿಯುತ್ತೆ. ಶುಗರ್, ಥೈರಾಯ್ಡ್ ನೋಡಿಸ್ಲೇಬೇಕು, ಅವೆರಡೂ ಇದಕ್ಕೆ ಕಾರಣ ಆಗ್ಬಹುದು. ಕತ್ತಿನ ನರ ಒತ್ತಿದ್ರೂ ಬೆರಳು ಜುಮ್ ಅನ್ನುತ್ತೆ, ಅದು ಬೇರೆ ಕಥೆ. ಇಂಜೆಕ್ಷನ್ ಕೆಲವು ವಾರ, ಕೆಲವು ತಿಂಗಳು ಆರಾಮ ಕೊಡುತ್ತೆ, ತುಂಬಾ ಜನಕ್ಕೆ ವಾಪಸ್ ಬರುತ್ತೆ. ಕಾಯೋದು ತಪ್ಪಲ್ಲ, ಮತ್ತೆ ಯಾವತ್ತು ತೋರಿಸ್ಬೇಕು ಅಂತ ತಾರೀಖು ಹಾಕ್ಕೊಂಡು ಕಾಯ್ಬೇಕು. ಆದ್ರೆ ಜೋಮು ಇಪ್ಪತ್ನಾಲ್ಕು ಗಂಟೆ ಇದೆ, ಸಾಮಾನು ಕೈ ಜಾರ್ತಿದೆ, ದಿಂಡು ಇಳಿದಿದೆ ಅನ್ನೋರಿಗೆ ಸ್ಪ್ಲಿಂಟ್, ವ್ಯಾಯಾಮ, ವಿಟಮಿನ್ ಮಾತ್ರೆ ಅಂತ ಇನ್ನೊಂದು ವರ್ಷ ಕಳೆಯೋ ಸಮಯ ಇಲ್ಲ.

ತಾನೇ ತಂದ್ಕೊಂಡಿದ್ದು ಅನ್ನೋದಕ್ಕೂ ಒಂದು ಮಾತು. ಇದನ್ನ ಕಂಪ್ಯೂಟರ್ ರೋಗ, ಮೊಬೈಲ್ ರೋಗ ಅಂತ ಬೈಯೋದು ಈಗ ಫ್ಯಾಷನ್. 1854ರಲ್ಲೇ ಜೇಮ್ಸ್ ಪ್ಯಾಜೆಟ್ ಅನ್ನೋ ಸರ್ಜನ್ ಮಣಿಕಟ್ಟಿಗೆ ಪೆಟ್ಟು ಬಿದ್ದವರಲ್ಲಿ ಈ ನರ ಒತ್ತಿಹೋಗೋದನ್ನ ಬರೆದಿಟ್ಟಿದಾರೆ, ಆಗ ಯಾವ ಮೊಬೈಲ್ ಇತ್ತು. ಬಿಗಿಯಾಗಿ ಹಿಡಿಯೋ, ಅದುರೋ ಸಲಕರಣೆಯ ಕೆಲಸ ಅಪಾಯ ಹೆಚ್ಚಿಸುತ್ತೆ, ಸರಿ, ಆದ್ರೆ ಹೆಂಗಸಾಗಿರೋದು, ವಯಸ್ಸು, ತೂಕ, ಹುಟ್ಟಿನಿಂದಲೇ ಬಂದ ಮಣಿಕಟ್ಟಿನ ಅಳತೆ, ಇವೂ ಲೆಕ್ಕಕ್ಕಿವೆ. ತಪ್ಪು ಹುಡುಕ್ತಾ ಕೂತ್ರೆ ಕೈಗೇನೂ ಲಾಭ ಇಲ್ಲ.

ಆಪರೇಷನ್ ಬಗ್ಗೆ ಅವರಿಗೆ ಇದ್ದ ಕಲ್ಪನೆ ಕೇಳಿದ್ರೆ ಯಾರಾದ್ರೂ ಹೆದರ್ತಾರೆ. ನರ ಕತ್ತರಿಸಲ್ಲ, ಆ ಚಾವಣಿ ಇದೆಯಲ್ಲ ಲಿಗಮೆಂಟ್, ಅದನ್ನ ಕತ್ತರಿಸಿ ಬಿಡಿಸ್ತಾರೆ, ಒಳಗೆ ಜಾಗ ಆಗುತ್ತೆ. ಸಾಮಾನ್ಯವಾಗಿ ಕೈಗೆ ಮಾತ್ರ ಮರಗಟ್ಟಿಸ್ತಾರೆ, ಎಚ್ಚರ ಇರ್ತೀರಿ, ಕತ್ತರಿಸೋ ಕೆಲಸ ಹತ್ತಿಪ್ಪತ್ತು ನಿಮಿಷದ್ದು. ಅಂಗೈಲಿ ತೆರೆದು ಮಾಡೋದೂ ಇದೆ, ಎಂಡೋಸ್ಕೋಪ್ ಅನ್ನೋ ಸಣ್ಣ ಕ್ಯಾಮೆರಾ ನಳಿಗೆ ಹಾಕಿ ಸಣ್ಣ ರಂಧ್ರದಲ್ಲಿ ಮಾಡೋದೂ ಇದೆ, ಎರಡನೇದ್ರಲ್ಲಿ ಕೆಲಸಕ್ಕೆ ಸ್ವಲ್ಪ ಬೇಗ ವಾಪಸ್ ಹೋಗ್ಬಹುದು, ಕೊನೆಗೆ ಸಿಗೋ ಫಲ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಆ ಡಾಕ್ಟ್ರಿಗೆ ಯಾವುದ್ರಲ್ಲಿ ಕೈ ಪಳಗಿದೆಯೋ ಅದೇ ಒಳ್ಳೇದು. ಮೊದಲ ದಿನದಿಂದಲೇ ಬೆರಳು ಆಡಿಸ್ಬೇಕು, ಕೈ ಎತ್ತರದಲ್ಲಿ ಇಟ್ಕೋಬೇಕು. ಹೊಲಿಗೆ ಬಿಚ್ಚೋದು 10ರಿಂದ 14 ದಿನಕ್ಕೆ. ರಾತ್ರಿ ಜೋಮು ಇರೋರಿಗೆ ಅದು ಕೆಲವೇ ದಿನದಲ್ಲಿ ಹೋಗುತ್ತೆ, ಅಷ್ಟಕ್ಕೇ ಪೂರ್ತಿ ವಾಸಿ ಅಂದ್ಕೊಂಡು ಭಾರ ಎತ್ತೋಕೆ ಹೋಗ್ತಾರೆ, ಅಲ್ಲಿ ಎಡವೋದು. ಅಂಗೈ ಬುಡ ಒತ್ತಿದ್ರೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನೋಯುತ್ತೆ, ಹಿಡಿತ ಎರಡು ಮೂರು ತಿಂಗಳು ಸಡಿಲ ಇರುತ್ತೆ, ಇದು ಮೊದ್ಲೇ ಗೊತ್ತಿಲ್ದೇ ಇದ್ರೆ ಆಪರೇಷನ್ ಕೆಟ್ಟೋಯ್ತು ಅಂತ ಅಳ್ತಾ ಬರ್ತಾರೆ. ಕೂತು ಮಾಡೋ ಹಗುರ ಕೆಲಸಕ್ಕೆ ಒಂದೆರಡು ವಾರ, ಭಾರದ ಕೆಲಸಕ್ಕೆ ಆರು ವಾರ ಅಥವಾ ಜಾಸ್ತಿ. ಸತ್ತ ನರದ ಎಳೆ ಚಿಗುರೋದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್, ಮಣಿಕಟ್ಟಿಂದ ಬೆರಳ ತುದಿಗೆ ಎಷ್ಟು ದೂರ ಅಂತ ನೀವೇ ಅಳೆದು ನೋಡಿ. ತಡ ಆದಷ್ಟೂ ಪೂರ್ತಿ ಬರೋ ಆಸೆ ಕಮ್ಮಿ, ಕರಗಿದ ದಿಂಡು ಕೆಲವರಿಗೆ ತುಂಬೋದೇ ಇಲ್ಲ. ಸೋಂಕು, ನರಕ್ಕೆ ಗಾಯ, ಕೈ ಊದಿ ಬಿಗಿದುಕೊಳ್ಳೋದು, ಲಿಗಮೆಂಟ್ ಪೂರ್ತಿ ಬಿಡಿಸ್ದೇ ಉಳಿಯೋದು, ಇವೆಲ್ಲ ಅಪರೂಪಕ್ಕೆ ಆಗುತ್ತೆ, ಆಗೋದೇ ಇಲ್ಲ ಅಂತಲ್ಲ. ಅವರ ಸಂಬಂಧಿಕರ ಕಥೆ ಸುಳ್ಳು ಅಂತ ನಾನು ಹೇಳೋಕೆ ಹೋಗ್ಲಿಲ್ಲ.

ಟೆಸ್ಟಲ್ಲಿ ತೀವ್ರ ಅಂತ ಬಂತು. ಮೂರನೇ ವಾರ ಆಪರೇಷನ್ ಆಯ್ತು. ಎರಡು ತಿಂಗಳಾದ್ಮೇಲೆ ಬಂದು ಕೂತ್ರು, ಗಾಯದ ಗುರುತು ಸಣ್ಣದಾಗಿ ಕೆಂಪಗೆ ಇತ್ತು. ಮನೆ ಹೇಗಿತ್ತು ಅಂತ ಕೇಳ್ದೆ. "ನಾಲ್ಕು ದಿನ ರಾಮಾಯಣ. ಆಮೇಲೆ ಎಲ್ಲಾ ನಡೀತು ಮೇಡಂ, ಅದೇ ಬೇಜಾರು" ಅಂತ ನಕ್ರು, ನಗ್ತಾ ನಗ್ತಾನೇ ಕಣ್ಣು ಒರೆಸ್ಕೊಂಡ್ರು. ಆ ಮಾತನ್ನ ನಾವು ಇನ್ನೂ ಮಾತಾಡ್ತಾನೇ ಇದೀವಿ.

ಈಗ ಹನ್ನೊಂದು ತಿಂಗಳು. ಸೂಜಿ ಹಿಡಿದಿದ್ದು ನೋಡ್ದೇನೇ ಗೊತ್ತಾಗುತ್ತೆ. ಮಧ್ಯದ ಬೆರಳ ತುದಿಗೆ ಮಾತ್ರ ತೆಳು ಬಟ್ಟೆ ಸುತ್ತಿದ ಹಾಗೆ ಇದೆಯಂತೆ, ದಿಂಡು ಅರ್ಧ ತುಂಬಿದೆ. ಆ ಎಂಟು ತಿಂಗಳಲ್ಲಿ ಎಷ್ಟು ಹೋಯ್ತು ಅಂತ ಅವರು ನನ್ನನ್ನ ಯಾವತ್ತೂ ಕೇಳ್ಲಿಲ್ಲ.

ಹೋದ ವಾರ ಬಂದಾಗ ಎಡಗೈಲಿ ಸ್ಪ್ಲಿಂಟ್ ಇತ್ತು. ಆ ಕೈಯೂ ರಾತ್ರಿ ಜುಮ್ ಅನ್ನೋಕೆ ಶುರು ಮಾಡಿದೆ. ನಾನು ಬಾಯಿ ತೆರೆಯೋಕೆ ಮುಂಚೆನೇ, "ಆತುರ ಏನಿಲ್ಲ ಅಂತ ಮಾತ್ರ ಹೇಳ್ಬೇಡಿ" ಅಂದ್ರು. ಬ್ಯಾಗಿಂದ ಚೀಟಿ ತೆಗೆದು ತೋರಿಸಿದ್ರು, ನರ್ವ್ ಟೆಸ್ಟ್‌ಗೆ ಬರೋ ಗುರುವಾರದ ತಾರೀಖು ಹಾಕಿಸ್ಕೊಂಡೇ ಬಂದಿದ್ರು.